ದೊಡ್ಡವರಿಗೆ ಬಾರದ ಕಾಯಿಲೆ

ಎಡಿಎಚ್‌ಡಿ ಎಂದರೆ ಮೊಬೈಲ್ ಕಾಲದ ಹೊಸ ಫ್ಯಾಷನ್ ಎನ್ನುವವರಿಗೆ ನಾನು 1798 ಎಂಬ ಇಸವಿ ಹೇಳುತ್ತೇನೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳುತ್ತಿದ್ದ ವರ್ಷ ಅದು. ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟಿಷ್ ವೈದ್ಯ ಮನೋವಿಕಾರಗಳ ಕುರಿತು ಆಗ ಪ್ರಕಟಿಸಿದ ಗ್ರಂಥದಲ್ಲಿ ಗಮನಕ್ಕೆಂದೇ ಒಂದು ಅಧ್ಯಾಯವಿದೆ. ಯಾವುದರ ಮೇಲೂ ಮನಸ್ಸು ನಿಲ್ಲದ, ಸಣ್ಣ ಸದ್ದಿಗೂ ಕದಲುವ ಜನರನ್ನು ಆತ ವರ್ಣಿಸುತ್ತಾನೆ. ಇದು ಹುಟ್ಟಿನಿಂದಲೇ ಬಂದಿರಬಹುದು ಎನ್ನುತ್ತಾನೆ. ಜೊತೆಗೆ ಇನ್ನೊಂದು ಮಾತು: ಪುಣ್ಯಕ್ಕೆ, ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ.

ಈ ಕೊನೆಯ ಮಾತು ಸುಮಾರು ಇನ್ನೂರು ವರ್ಷ ಗಟ್ಟಿಯಾಗಿ ಕೂತಿತು.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವಿವರಿಸಿದ. ಬುದ್ಧಿಗೆ ಕೊರತೆಯಿಲ್ಲ, ಹಿಡಿತ ಮಾತ್ರ ಇಲ್ಲ. ಅದಕ್ಕೆ ಆತ ಇಟ್ಟ ಹೆಸರು ನೈತಿಕ ನಿಯಂತ್ರಣದ ದೋಷ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದ. ಅರ್ಧದಷ್ಟು ಮಕ್ಕಳ ಶಾಲೆಯ ಕೆಲಸ ಎದ್ದು ಕಾಣುವಷ್ಟು ಸುಧಾರಿಸಿತು. ಮಕ್ಕಳೇ ಅದನ್ನು ಲೆಕ್ಕದ ಮಾತ್ರೆ ಎಂದು ಕರೆದವಂತೆ. ಆಮೇಲೆ ಹೆಸರುಗಳ ಮೆರವಣಿಗೆ: ಮೆದುಳಿನ ಅಲ್ಪ ಹಾನಿ, ಮೆದುಳಿನ ಅಲ್ಪ ವೈಕಲ್ಯ, ಮತ್ತೆ 1968ರಲ್ಲಿ ಅಮೆರಿಕನ್ ಮನೋವೈದ್ಯರ ಕೈಪಿಡಿಯಲ್ಲಿ ‘ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ’. ಹೆಸರಿನಲ್ಲೇ ಬಾಲ್ಯ ಬಂದು ಕೂತ ಮೇಲೆ ನಲವತ್ತರ ಮನುಷ್ಯನಿಗೆ ಅದು ಬರುವುದಾದರೂ ಹೇಗೆ?

ಈ ಬಾಗಿಲು ತಟ್ಟಿದವರಲ್ಲಿ ನನಗೆ ಮುಖ್ಯನೆನಿಸುವವನು ಯೂಟಾದ ಪಾಲ್ ವೆಂಡರ್. 1976ರಲ್ಲಿ ಆತ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿದ್ದವರು ಬರೀ 15 ಜನ, ಎಲ್ಲರೂ ವಯಸ್ಕರು. ಈಗಿನ ತೊಂದರೆ ಕೇಳಿದ್ದಲ್ಲದೆ, ಅವರ ತಂದೆತಾಯಿಯರಿಂದಲೂ ‘ಚಿಕ್ಕವರಿದ್ದಾಗ ಹೇಗಿದ್ದರು’ ಎಂದು ಅಂಕ ಹಾಕಿಸಿದರು. ಈ ಹದಿನೈದರಲ್ಲಿ 11 ಜನರಿಗೆ ಮಿಥೈಲ್‌ಫೆನಿಡೇಟ್ ಮತ್ತು ಹುಸಿಮಾತ್ರೆ ಕೊಟ್ಟು ಹೋಲಿಸಿದಾಗ 8 ಜನರಲ್ಲಿ ಔಷಧಿ ಸ್ಪಷ್ಟವಾಗಿ ಕೆಲಸ ಮಾಡಿತ್ತು. ಸಣ್ಣ ಅಧ್ಯಯನ ನಿಜ. ಆದರೆ ಮಕ್ಕಳ ಕಾಯಿಲೆಯನ್ನು ಹುಡುಕಿಕೊಂಡು ದೊಡ್ಡವರ ಬಳಿ ಹೋದದ್ದೇ ಹೊಸದು.

ಅತ್ತ ಮಾಂಟ್ರಿಯಲ್‌ನಲ್ಲಿ ವರ್ಜೀನಿಯಾ ಡಗ್ಲಸ್, ತೊಂದರೆ ಇರುವುದು ಓಡಾಟದಲ್ಲಲ್ಲ, ಗಮನದಲ್ಲಿ ಮತ್ತು ತಡೆದುಕೊಳ್ಳುವುದರಲ್ಲಿ ಎಂದು 1972ರಲ್ಲೇ ವಾದಿಸಿದ್ದರು. 1980ರ ಕೈಪಿಡಿ ಅದನ್ನು ಒಪ್ಪಿತು. ಅತಿಚಲನೆ ಇಲ್ಲದೆಯೂ ಗಮನದ ತೊಂದರೆ ಇರಬಹುದೆಂದಿತು. ಬೆಂಚಿನ ಮೇಲೆ ಸುಮ್ಮನೆ ಕೂತು ಕಿಟಕಿಯಾಚೆ ಹೋಗಿಬಿಡುವ ಹುಡುಗಿಯರು ಲೆಕ್ಕಕ್ಕೆ ಸಿಗುವ ದಾರಿ ಇಲ್ಲಿ ತೆರೆಯಿತು. ದೊಡ್ಡವರಿಗೂ ಒಂದು ಮೂಲೆ ಸಿಕ್ಕಿತು, ‘ಉಳಿಕೆ’ ಎಂಬ ಹೆಸರಿನಲ್ಲಿ, ನಿನ್ನೆಯ ಸಾರಿನ ಹಾಗೆ. 1990ರಲ್ಲಿ ಆಲನ್ ಜಾಮೆಟ್ಕಿನ್ ತಂಡ 25 ವಯಸ್ಕರ ಮೆದುಳಿನ ಸ್ಕ್ಯಾನ್ ಪ್ರಕಟಿಸಿತು. ಅವರೆಲ್ಲ ಇಂಥದೇ ಮಕ್ಕಳ ತಂದೆತಾಯಿಯರು ಎನ್ನುವುದನ್ನು ಗಮನಿಸಿ. 2013ರ ಕೈಪಿಡಿ ಕೊನೆಗೂ 17 ದಾಟಿದವರಿಗೆ ಬೇರೆ ಅಳತೆ ಇಟ್ಟಿತು: ಆರರ ಬದಲು ಐದು ಲಕ್ಷಣ ಸಾಕು, 12 ವರ್ಷಕ್ಕೆ ಮುಂಚೆ ಕೆಲವಾದರೂ ಕಂಡಿರಬೇಕು.

ನನಗೆ ಪುಣೆಯಲ್ಲಿ ಇದು ಪತ್ತೆಯಾದದ್ದು ಮೂವತ್ತಮೂರಕ್ಕೆ. ವೈದ್ಯೆ ಶಾಲೆಯ ಪ್ರೋಗ್ರೆಸ್ ಕಾರ್ಡ್ ಕೇಳಿದರು. ವೆಂಡರ್ ಕೇಳಿದ ಹಾಗೆಯೇ, ಅಮ್ಮನನ್ನೂ ಕೇಳಿ ಎಂದರು. ಫೋನಿನಲ್ಲಿ ಲಕ್ಷಣಗಳನ್ನು ಒಂದೊಂದಾಗಿ ಓದಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದರಲ್ಲಿ ಕಾಯಿಲೆ ಏನು ಬಂತು? ನಿಮ್ಮಪ್ಪನೂ ಹೀಗೇ ಇದ್ದರಲ್ಲ’ ಎಂದಳು. ಅಪ್ಪ ಮೂರು ನೌಕರಿ ಬಿಟ್ಟವರು, ಎರಡು ಸಲ ಎಲ್‌ಐಸಿ ಕಂತು ಕಟ್ಟದೆ ಪಾಲಿಸಿ ಕಳೆದವರು. ಮನೆತನದಲ್ಲಿ ಅವರ ಹೆಸರಿನ ಹಿಂದೆ ‘ಜವಾಬ್ದಾರಿಯಿಲ್ಲದ ಮನುಷ್ಯ’ ಎಂಬುದು ಬಿರುದಿನಂತೆ ಇತ್ತು. ಅದನ್ನು ಹೊತ್ತುಕೊಂಡೇ ಹೋದರು. ಅವರಿಗೂ ಇದೇ ಇತ್ತು ಎಂದು ನಾನು ಹೇಳಲಾರೆ. ಅವರನ್ನು ಯಾರೂ ಕೇಳಲೇ ಇಲ್ಲ.

‘ಗಮನ ಕೊರತೆ’ ಎಂಬ ಅನುವಾದ ನನಗೆ ಒಗ್ಗುವುದಿಲ್ಲ. ಒಂದು ಪದದ ಬೇರು ಹುಡುಕುತ್ತಾ ರಾತ್ರಿ ಎರಡರವರೆಗೆ ಕೂರಬಲ್ಲೆ. ಕರೆಂಟ್ ಬಿಲ್ ಕಟ್ಟಲು ಎರಡು ನಿಮಿಷ ಸಿಗುವುದಿಲ್ಲ. ಕೊರತೆಯಲ್ಲ, ಬೇಕಾದ ಕಡೆ ತಿರುಗಿಸಲಾಗದ ಕಷ್ಟ. ತಮಾಷೆಯೆಂದರೆ ‘ಗಮನ’ದೊಳಗೆ ಇರುವುದೇ ಹೋಗು ಎಂಬರ್ಥದ ಧಾತು. ಆಗಮನ, ನಿರ್ಗಮನಗಳಲ್ಲಿರುವುದೂ ಅದೇ. ಅದನ್ನು ಹಿಡಿದು ಕೂರಿಸಿದವರು ಕನ್ನಡಿಗರು.

ನಮ್ಮಲ್ಲಿ ಕಾನೂನು ಇನ್ನೂ ಹಿಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಹೆಸರುಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಇದಿಲ್ಲ. ಮಿಥೈಲ್‌ಫೆನಿಡೇಟ್ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಚೀಟಿ ಇಲ್ಲದೆ ಕೊಡುವಂತಿಲ್ಲ.

ಬದುಕುವ ದಾರಿಗೂ ಒಂದು ಚರಿತ್ರೆಯಿದೆ. 2010ರಲ್ಲಿ ಬಾಸ್ಟನ್ನಿನ ಸ್ಟೀವನ್ ಸಾಫ್ರೆನ್ ತಂಡ, ಔಷಧಿ ತೆಗೆದುಕೊಂಡರೂ ತೊಂದರೆ ಉಳಿದಿದ್ದ 86 ವಯಸ್ಕರಲ್ಲಿ ಕೌಶಲ ಕಲಿಸುವ ಚಿಕಿತ್ಸೆಯನ್ನು, ವಿಶ್ರಾಂತಿ ತಂತ್ರ ಕಲಿಸುವುದರ ಜೊತೆ ಹೋಲಿಸಿತು. ಮೊದಲನೆಯದೇ ಗೆದ್ದಿತು. ಅದರ ಮೊದಲ ಪಾಠ ಮನಸ್ಸಿನ ಆಳದ್ದೇನಲ್ಲ: ಒಂದು ಕ್ಯಾಲೆಂಡರ್, ಒಂದು ಕೆಲಸದ ಪಟ್ಟಿ, ದೊಡ್ಡ ಕೆಲಸವನ್ನು ಚೂರು ಮಾಡುವುದು. ಮರೆವನ್ನು ತಲೆಯಲ್ಲಿ ಸರಿಮಾಡುವ ಬದಲು ಗೋಡೆಗೆ ಹಾಕುವುದು.

ನಾನು ಮಾಡುವುದೂ ಅಷ್ಟೇ. ಮುನ್ನೂರು ಪುಟದ ಅನುವಾದ ಪಟ್ಟಿಯಲ್ಲಿ ಇರುವುದಿಲ್ಲ. ‘41ನೇ ಪುಟ, ಎರಡನೇ ಪ್ಯಾರಾ’ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೈದರಾಬಾದಿನ ಗೆಳತಿಯೊಬ್ಬಳು ವಿಡಿಯೊ ಕರೆ ಮಾಡುತ್ತಾಳೆ. ಮಾತಿಲ್ಲ. ಅವಳು ತನ್ನ ಟ್ಯಾಕ್ಸ್ ಫೈಲು ತೆರೆಯುತ್ತಾಳೆ, ನಾನು ನನ್ನ ಪ್ಯಾರಾ.