ಒಲೆಯ ಮೇಲಿನ ಅಟ್ಟ: ಕೊಡಗಿನ ಹೊಗೆಮಾಂಸದ ಚರಿತ್ರೆ

ಕರ್ನಾಟಕದ ಆಹಾರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಿಂದ ಆರಂಭಿಸುತ್ತಾರೆ. ಸುಮಾರು 1129ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ರೋಮ ತೆಗೆಯುವ, ಮಾಂಸವನ್ನು ಬೆಂಕಿಯಲ್ಲಿ ಸುಡುವ, ತೆಳುವಾಗಿ ಸೀಳಿ ಸಂಸ್ಕರಿಸುವ ಕ್ರಮಗಳು ಬರುತ್ತವೆ. ಆದರೆ ಅದು ಅರಮನೆಯ ಪಾಕ, ಸುಟ್ಟೊಡನೆ ಬಡಿಸಬೇಕಾದದ್ದು. ಕೊಡಗಿನ ಮನೆಗಳಲ್ಲಿ ಹಂದಿಮಾಂಸಕ್ಕೆ ಹೊಗೆ ಹಿಡಿಸುವ ಪದ್ಧತಿಯನ್ನು ಇದರ ಮುಂದುವರಿಕೆಯೆಂದು ಭಾವಿಸಲು ಆಧಾರವಿಲ್ಲ. ಅದರ ಕಾರಣಗಳನ್ನು ಮಳೆಯಲ್ಲೂ ಬೇಟೆಯಲ್ಲೂ ಹುಡುಕಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅಲ್ಲಿ ಬಿಸಿಲನ್ನು ನಂಬಿ ಮಾಂಸ ಒಣಗಿಸುವಂತಿಲ್ಲ. ಬೇಟೆಯ ಮಾಂಸ ಪಾಲಾಗಿ ಮನೆಗೆ ಬಂದಾಗ ಒಂದೇ ದಿನದಲ್ಲಿ ತಿಂದು ಮುಗಿಸುವುದೂ ಸಾಧ್ಯವಿರಲಿಲ್ಲ. ದಿನವಿಡೀ ಉರಿಯುವ ಸೌದೆ ಒಲೆಯೇ ಇದಕ್ಕೆ ಪರಿಹಾರವಾಯಿತು. ಉಪ್ಪು, ಅರಿಸಿನ ಸವರಿದ ತುಂಡುಗಳನ್ನು ಒಲೆಯ ಮೇಲೆ ಎತ್ತರದಲ್ಲಿ ತೂಗುಹಾಕಿದರೆ ಉಪ್ಪು ನೀರನ್ನು ಹೊರಗೆಳೆಯುತ್ತದೆ. ಶಾಖ ಅದನ್ನು ಆರಿಸುತ್ತದೆ. ಹೊಗೆಯಲ್ಲಿನ ಫಿನಾಲುಗಳು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆದು ಕೊಬ್ಬು ಕಮಟಾಗುವುದನ್ನು ನಿಧಾನಗೊಳಿಸುತ್ತವೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಹಂದಿಯ ಪಕ್ಕೆಲುಬನ್ನು ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕ್ರಮಕ್ಕೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಹೊಗೆಯೇ ಅಡುಗೆ. ಇಲ್ಲಿ ಹೊಗೆ ಕಾಪಿಡುವ ಕೆಲಸ ಮಾಡುತ್ತದೆ, ಅಡುಗೆ ಆಮೇಲಿನದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆಯ ಎರಡು ಆಧಾರಗಳೂ ಸಡಿಲಗೊಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿರ್ಬಂಧಿಸಿತು. 1991ರ ತಿದ್ದುಪಡಿ ಪರವಾನಗಿಯ ಬೇಟೆಗೂ ಬಹುಮಟ್ಟಿಗೆ ತೆರೆ ಎಳೆಯಿತು. ಕಾಡುಹಂದಿಯ ಸ್ಥಾನಕ್ಕೆ ಸಾಕಿದ ಹಂದಿ ಬಂದಿತು. ಅನಿಲದ ಒಲೆಯೂ ಶೀತಪೆಟ್ಟಿಗೆಯೂ ಅಡುಗೆಮನೆಯನ್ನು ಹೊಕ್ಕ ಮೇಲೆ ಹೊಗೆಯ ಅಗತ್ಯ ಕುಗ್ಗಿತು. ಅಗತ್ಯ ಕುಗ್ಗಿದರೂ ರುಚಿ ಉಳಿಯಿತೆಂಬುದು ಗಮನಾರ್ಹ: ಕೆಡದಿರಲೆಂದು ಹಿಡಿಸುತ್ತಿದ್ದ ಹೊಗೆಯನ್ನು ಇಂದು ಸ್ವಾದಕ್ಕಾಗಿಯೇ ಬಯಸುತ್ತಾರೆ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಕೊಡವರ ಹಾಡು, ಆಚಾರಗಳನ್ನು ಅಳಿವಿನಿಂದ ಉಳಿಸಿತು. ಯಾವ ಸೌದೆ, ಎಷ್ಟು ಎತ್ತರ, ಎಷ್ಟು ದಿನ ಎಂಬ ಅಡುಗೆಮನೆಯ ಅರಿವಿಗೂ ಅಂಥ ದಾಖಲೆ ಬೇಕು. ಅದು ಬಹುಪಾಲು ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿದೆ. ಆ ತಲೆಮಾರು ಇರುವಾಗಲೇ ಕ್ಷೇತ್ರಕಾರ್ಯ ನಡೆಯಬೇಕು. ಒಲೆ ಆರಿದ ಮೇಲೆ ಅಟ್ಟದ ಮಸಿಯೊಂದೇ ಸಾಕ್ಷಿಯಾಗಿ ಉಳಿಯುತ್ತದೆ.