ಮದ್ರಾಸಿನ ಸೂಡು

ಚೆನ್ನೈಯಲ್ಲಿ ಯಾರಿಗಾದರೂ ಬಾಯಿಹುಣ್ಣಾದರೆ, ಕಣ್ಣುರಿ ಬಂದರೆ, ಉರಿಮೂತ್ರವಾದರೆ ಮನೆಯ ಹಿರಿಯರು ಹೇಳುವ ಕಾರಣ ಒಂದೇ: ‘ಸೂಡು’. ನಾವು ಕನ್ನಡದಲ್ಲಿ ‘ಉಷ್ಣ’ ಎನ್ನುವುದು ಇದನ್ನೇ. ಅಂಥವರ ನಾಲಗೆಯಡಿ ಥರ್ಮಾಮೀಟರ್ ಇಟ್ಟು ನೋಡಿದರೆ ಪಾದರಸ ಹೆಚ್ಚಾಗಿ ಎಂದಿನ 98.6 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾದರೆ ಏರಿದ್ದಾದರೂ ಏನು? ಈ ಪ್ರಶ್ನೆಗೆ ಮದ್ರಾಸಿನಲ್ಲಿ ಒಂದು ಉದ್ದನೆಯ ಇತಿಹಾಸವಿದೆ.

ಮರೀನಾ ಕಡಲತೀರದ ರಸ್ತೆಯಲ್ಲಿ, ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದ ದುಂಡನೆಯ ಮುಂಭಾಗದ ಕಟ್ಟಡವೊಂದಿದೆ. ಊರಿನವರಿಗೆ ಅದು ಈಗಲೂ ‘ಐಸ್ ಹೌಸ್’. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅಮೆರಿಕದ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆ ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿಗೆ ಹೇರುತ್ತಿದ್ದ. ತಿಂಗಳುಗಟ್ಟಲೆ ಕಡಲಲ್ಲಿ ಕರಗಿ ಉಳಿದದ್ದನ್ನು 1842ರ ಹೊತ್ತಿಗೆ ಇಲ್ಲಿ ದಾಸ್ತಾನು ಮಾಡಲು ತೊಡಗಿದರು. ಬಿಳಿಯರ ಪಾನೀಯಕ್ಕೂ ಜ್ವರದ ರೋಗಿಗಳಿಗೂ ಅದು ಬೇಕಾಗಿತ್ತು.

ಆ ಕಾಲದ ಇಂಗ್ಲಿಷ್ ವೈದ್ಯರಿಗೆ ಉಷ್ಣದ ಮಾತು ಅಪರಿಚಿತವೇನೂ ಆಗಿರಲಿಲ್ಲ. ಗ್ರೀಕರ ಕಾಲದ ಪಿತ್ತ, ಕಫಗಳ ಲೆಕ್ಕಾಚಾರ ಅವರ ಶಾಸ್ತ್ರದಿಂದ ಪೂರ್ತಿ ತೊಲಗಿರಲಿಲ್ಲ. ಬಿಸಿಲ ನಾಡಿನ ಜ್ವರಗಳನ್ನು ಅವರೇ ‘ಬಿಲಿಯಸ್’, ಅಂದರೆ ಪಿತ್ತದ ಜ್ವರ ಎಂದು ಬರೆದುಕೊಳ್ಳುತ್ತಿದ್ದರು. ವೈದ್ಯನೂ ಡಾಕ್ಟರೂ ಎದುರುಬದುರು ಕೂತಿದ್ದರೆ ಆಗ ಒಬ್ಬರ ಮಾತು ಇನ್ನೊಬ್ಬರಿಗೆ ಅಷ್ಟಿಷ್ಟು ತಿಳಿಯುತ್ತಿತ್ತೇನೋ. 1860ರ ದಶಕದಲ್ಲಿ ಕ್ಲಿಫರ್ಡ್ ಆಲ್ಬಟ್ ಜೇಬಿಗೆ ಹಿಡಿಸುವ ಥರ್ಮಾಮೀಟರ್ ತಂದ ಮೇಲೆ ಡಾಕ್ಟರ ಪಾಲಿಗೆ ಮೈಯ ಬಿಸಿ ಒಂದು ಅಂಕಿಯಾಯಿತು. ವೈದ್ಯನ ಉಷ್ಣ ಹಿಂದೆ ಉಳಿಯಿತು.

ಆಯುರ್ವೇದದ ಉಷ್ಣವನ್ನು ಅಂಕಿಯಲ್ಲಿ ಹಿಡಿಯುವುದು ಕಷ್ಟ. ಅದು ಪಿತ್ತದ ಗುಣ. ಜೀರ್ಣ, ಬಣ್ಣ, ದೃಷ್ಟಿ, ಕೋಪ ಎಲ್ಲಕ್ಕೂ ಅದರ ನಂಟಿದೆ. ಇಲ್ಲೊಂದು ಸೋಜಿಗವಿದೆ. ಪಿತ್ತ ಕೆರಳುವುದು ಕಡುಬೇಸಗೆಯಲ್ಲಿ ಎಂದು ನಾವು ಅಂದುಕೊಳ್ಳುತ್ತೇವೆ. ವಾಗ್ಭಟನ ‘ಅಷ್ಟಾಂಗಹೃದಯ’ದ ಲೆಕ್ಕ ಬೇರೆ: ಬೇಸಗೆಯಲ್ಲಿ ಬೆಳೆಯುವುದು ವಾತ, ಪಿತ್ತ ಮಳೆಗಾಲದಲ್ಲಿ ಕೂಡಿಕೊಂಡು ಶರತ್ಕಾಲದ ಬಿಸಿಲಿಗೆ ಕೆರಳುತ್ತದೆ. ಬೇಸಗೆಗೆ ಅವನು ಹೇಳುವುದು ಸಿಹಿ, ತಂಪು, ದ್ರವ, ಜಿಡ್ಡಿನ ಆಹಾರ, ಹಗಲು ನಿದ್ದೆ. ಉಪ್ಪು, ಹುಳಿ, ಖಾರ, ವ್ಯಾಯಾಮಗಳಿಗೆ ಬಿಡುವು. ಶರತ್ತಿಗಾದರೆ ಕಹಿ ಔಷಧಗಳ ತುಪ್ಪ, ಭೇದಿ, ರಕ್ತ ತೆಗೆಸುವುದು.

ಚೆನ್ನೈಯ ಮನೆಮದ್ದು ಈ ಗ್ರಂಥಕ್ಕೆ ಪೂರಾ ಹೊಂದುವುದೂ ಇಲ್ಲ. ಗಂಡಸರಿಗೆ ಬುಧವಾರ, ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಳ್ಳೆಣ್ಣೆ ಹಚ್ಚಿ ಸೀಗೆಕಾಯಿಯ ಸ್ನಾನ. ಸೂಡು ಇಳಿಸಲು ಅದೇ ದಾರಿ. ಆಯುರ್ವೇದದಲ್ಲಿ ಎಳ್ಳೆಣ್ಣೆ ಉಷ್ಣವೀರ್ಯದ್ದು, ವಾತಕ್ಕೆ ಹೇಳಿದ್ದು. ಪಿತ್ತಕ್ಕೆ ಹೇಳಿದ್ದು ತುಪ್ಪ. ಬಿಸಿ ಗುಣದ ಎಣ್ಣೆ ಬಿಸಿಯನ್ನು ಹೇಗೆ ಇಳಿಸುತ್ತದೆ ಎಂದು ಕೇಳಿದರೆ ಅಜ್ಜಿಯರು ನಗುತ್ತಾರೆ. ನಮ್ಮಲ್ಲಿ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕುವವರೂ ಅಷ್ಟೇ. ಸೊಗದೆ ಬೇರಿನ ಶರಬತ್ತು, ಲಾವಂಚ ಹಾಕಿದ ಮಡಕೆ ನೀರು, ತಾಟಿನುಂಗು, ನೀರುಮಜ್ಜಿಗೆಗಳ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಈ ಜಗಳ ಸರ್ಕಾರದ ಮೇಜಿಗೆ ಬಂತು. ದೇಶಿ ಔಷಧಗಳನ್ನು ಪರೀಕ್ಷಿಸಲು ಮದ್ರಾಸ್ ಸರ್ಕಾರ 1918ರಲ್ಲಿ ಡಾ. ಎಂ. ಸಿ. ಕೋಮನ್ ಅವರನ್ನು ನೇಮಿಸಿತು. ವೈದ್ಯರ ಸಿದ್ಧಾಂತದ ಬಗ್ಗೆ ಅವರ ವರದಿ ಕಟುವಾಗಿತ್ತು, ವೈದ್ಯರು ಕೆರಳಿದರು. 1921ರಲ್ಲಿ ಮುಹಮ್ಮದ್ ಉಸ್ಮಾನ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ದಕ್ಷಿಣ ಕನ್ನಡ, ಬಳ್ಳಾರಿಗಳೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದರಿಂದ ಇದು ಅಲ್ಲಿನ ಪಂಡಿತರ ಬದುಕಿನ ಪ್ರಶ್ನೆಯೂ ಆಗಿತ್ತು. ಸಮಿತಿಯ ಕಾರ್ಯದರ್ಶಿ ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಪಾಶ್ಚಾತ್ಯ ವೈದ್ಯ ಓದಿದವರು. ವಾತ, ಪಿತ್ತ, ಕಫಗಳನ್ನು ಬರೀ ಗಾಳಿ, ಪಿತ್ತರಸ, ಸಿಂಬಳ ಎಂದು ಅನುವಾದಿಸಿ ನಗುವುದು ಸಲ್ಲದು ಎಂಬುದು ಅವರ ವಾದ. 1923ರಲ್ಲಿ ವರದಿ ಬಂತು. ಅದರ ಫಲವಾಗಿ ಕೀಲ್ಪಾಕ್‌ನಲ್ಲಿ ಆಯುರ್ವೇದ, ಸಿದ್ಧ, ಯುನಾನಿ ಕಲಿಸುವ ಸರ್ಕಾರಿ ಶಾಲೆ ಶುರುವಾಯಿತು. ಶ್ರೀನಿವಾಸಮೂರ್ತಿಯವರೇ ಅದರ ಮುಖ್ಯಸ್ಥರಾದರು. ಅದೇ ಜಾಗದಲ್ಲಿ 1960ರಲ್ಲಿ ಬಂದದ್ದು ಅಲೋಪತಿಯ ಕೀಲ್ಪಾಕ್ ಮೆಡಿಕಲ್ ಕಾಲೇಜು.

ವಾದ ನಡೆದದ್ದು ಸಿದ್ಧಾಂತದ ಮೇಲೆ. ಆದರೆ ಉಷ್ಣ ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳಿವೆ. ಒಂದು, ದಿನಗಟ್ಟಲೆ ಇರುವ ಅಸ್ವಸ್ಥತೆ. ಅದಕ್ಕೆ ಊಟ, ನಿದ್ದೆ, ಎಣ್ಣೆಸ್ನಾನಗಳ ನಿಧಾನ ಚಿಕಿತ್ಸೆ ಮಾಡುತ್ತಾರೆ. ಇನ್ನೊಂದು, ಮೈಯೇ ನಿಜವಾಗಿ ಕಾಯುವುದು. ಬೆವರು ಆವಿಯಾದರಷ್ಟೇ ಮೈ ತಣಿಯುತ್ತದೆ, ಚೆನ್ನೈಯ ಕಡಲಗಾಳಿಯ ತೇವ ಅದಕ್ಕೆ ಅಡ್ಡ ಬರುತ್ತದೆ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲಿದರೆ ಉಳಿದಿರುವುದು ನಿಮಿಷಗಳ ಲೆಕ್ಕ.

2024ರ ಅಕ್ಟೋಬರ್ 6ರಂದು, ವಾಗ್ಭಟನ ಶರತ್ಕಾಲದಲ್ಲೇ, ಮರೀನಾದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಲಕ್ಷಗಟ್ಟಲೆ ಜನ ನಡುಹಗಲಿನ ಬಿಸಿಲಲ್ಲಿ ನಿಂತಿದ್ದರು. ಐವರು ಸತ್ತರು. ಬಿಸಿಲೇ ಕಾರಣ ಎಂದರು ರಾಜ್ಯದ ಆರೋಗ್ಯ ಸಚಿವರು. ಹೀಗೆ ಕುಸಿದವರನ್ನು ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಕಂಕುಳಿಗೂ ತೊಡೆಸಂದಿಗೂ ಐಸ್ ಇಡಬೇಕು, ಆಂಬ್ಯುಲೆನ್ಸ್ ಕರೆಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಜ್ಜಿಗೆಯನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಟ್ಯೂಡರನ ಮಂಜುಗಡ್ಡೆ ಕೂಡಿಟ್ಟ ಕಟ್ಟಡ ಅದೇ ರಸ್ತೆಯಲ್ಲಿದೆ.

ಅದೇ ತಿಂಗಳು ತಮಿಳುನಾಡು ಸರ್ಕಾರ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿ, ಅದರಿಂದ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ತಿಂಗಳ ಕೊನೆಯ ದಿನ ದೀಪಾವಳಿ. ನಸುಕಿನಲ್ಲೇ ಮನೆಮನೆಯಲ್ಲಿ ಎಳ್ಳೆಣ್ಣೆ ಕಾಯಿತು.