ದೊಡ್ಡಪ್ಪನ ಫಿಯಟ್ಟು ಮತ್ತು ‘ಒರಿಜಿನಲ್’ ಅನ್ನೋ ಪದ

ಬರೆಯದೆ ತುಂಬಾ ದಿನ ಆಯ್ತು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಸೋಮಾರಿತನ :) ಕಳೆದ ವಾರ ಶಿವಮೊಗ್ಗಕ್ಕೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೀತಾ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡಿಕೊಂಡು ಬನ್ನಿ.

ವಿಷಯ ದೊಡ್ಡಪ್ಪನ ಕಾರು. 1969ನೇ ಇಸವಿಯ ಫಿಯಟ್ 1100 ಡಿ. ದೊಡ್ಡಪ್ಪ ಅದನ್ನು 1978ರಲ್ಲಿ ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು. ಈಗಲೂ ಓಡುತ್ತೆ. ವಾರಕ್ಕೆರಡು ಸಲ ಗಾಂಧಿಬಜಾರಿಗೆ ಹೋಗಿ ತರಕಾರಿ ತರುತ್ತೆ. ಅದರ ರಿಜಿಸ್ಟ್ರೇಶನ್ ಅವಧಿ ಈ ವರ್ಷ ಮುಗಿಯುತ್ತೆ. ನಾನು ಬೆಂಗಳೂರಿನ ಜಾಣ ಅಲ್ಲವೇ, ಒಂದು ಐಡಿಯಾ ಇಟ್ಟುಕೊಂಡು ಹೋಗಿದ್ದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ಮಾಡಿತು. ಐವತ್ತು ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, ನಂಬರಿನ ನಡುವೆ ‘ವಿಎ’ ಅನ್ನೋ ಅಕ್ಷರಗಳು. ಗತ್ತು ಬೇರೆ! “ದೊಡ್ಡಪ್ಪ, ಗಾಡೀನ ಪೂರ್ತಿ ಒರಿಜಿನಲ್ ಮಾಡಿಸೋಣ, ಖರ್ಚು ನಂದು” ಅಂದೆ.

“ಯಾವ ಒರಿಜಿನಲ್ಲೋ?” ಅಂದರು ದೊಡ್ಡಪ್ಪ.

ಸುಮ್ಮನೆ ಕೇಳಿದ್ದು ಅಂದುಕೊಂಡೆ. ಆದರೆ ನಿಯಮದಲ್ಲಿ ಒಂದು ಷರತ್ತಿದೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಅದಕ್ಕೇ ಈ ಕಾರಲ್ಲಿ ಏನೇನು ಬದಲಾಗಿದೆ ಅಂತ ಪಟ್ಟಿ ಮಾಡಲು ದೊಡ್ಡಪ್ಪನನ್ನೂ, ನಲವತ್ತು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿರುವ ಮೇಸ್ತ್ರಿಯವರನ್ನೂ ಕೂರಿಸಿಕೊಂಡೆ. ಆ ಪಟ್ಟಿ ಎಳೆಯುತ್ತಾ ಹೋದರೆ ಅದರ ಇನ್ನೊಂದು ತುದಿಯಲ್ಲಿ ಸಿಕ್ಕಿದ್ದು ನಮ್ಮ ಸರ್ ಎಂ.ವಿ.!

ಹೌದು, ವಿಶ್ವೇಶ್ವರಯ್ಯನವರೇ. ಭಾರತದಲ್ಲೇ ಕಾರು ತಯಾರಾಗಬೇಕು ಅನ್ನೋದು ಅವರಿಗೆ 1930ರ ದಶಕದಲ್ಲಿ ಹಿಡಿದ ಹುಚ್ಚು. 1935ರಲ್ಲಿ ಎಪ್ಪತ್ತು ದಾಟಿದ ವಯಸ್ಸಲ್ಲಿ ಇದೇ ಕೆಲಸಕ್ಕೆ ಯುರೋಪು, ಅಮೆರಿಕ ಸುತ್ತಿ ಬಂದು ಯೋಜನೆ ತಯಾರಿಸಿದರು. ಅವರ ಜೊತೆ ಕೈಜೋಡಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಹಾಕುವ ಮಾತೂ ಬಂತು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೆ ಒಪ್ಪಿಗೆಯಿತ್ತು. ಒಪ್ಪದೇ ಇದ್ದದ್ದು ಬ್ರಿಟಿಷ್ ಸರ್ಕಾರ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ಎಚ್‌ಎಎಲ್. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಸಿಕ್ಕಿತು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಅನ್ನೋ ಹೆಸರಲ್ಲಿ ಬೊಂಬಾಯಿಯ ಕುರ್ಲಾಕ್ಕೆ ಹೋಯಿತು. ದೊಡ್ಡಪ್ಪನ ಫಿಯಟ್ಟು ಹುಟ್ಟಿದ್ದು ಅಲ್ಲೇ.

ಪ್ರೀಮಿಯರ್‌ನವರು ಮೊದಲು ಮಾಡಿದ್ದು ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳನ್ನು. ಇಟಲಿಯ ಫಿಯಟ್ ಜೊತೆ ಒಪ್ಪಂದ ಆದದ್ದು 50ರ ದಶಕದ ಆರಂಭದಲ್ಲಿ. 1953ರಲ್ಲಿ ಫಿಯಟ್‌ನವರು ಜಿನೀವಾ ಪ್ರದರ್ಶನದಲ್ಲಿ ಹೊಸ 1100 ಅನ್ನು ತೋರಿಸಿದರು. ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಬಾಗಿಲು ಈಗಿನ ಕಾರುಗಳಿಗೆ ತಿರುಗುಮುರುಗಾಗಿ ತೆರೆಯುತ್ತಿತ್ತು. ಆ ಗುಂಡುಗುಂಡನೆಯ ಮಾದರಿಗೆ ಬೊಂಬಾಯಿಯವರು ಇಟ್ಟ ಹೆಸರು ‘ಡುಕ್ಕರ್ ಫಿಯಟ್’. ಮರಾಠಿಯಲ್ಲಿ ಡುಕ್ಕರ್ ಅಂದರೆ ಹಂದಿ. ಪ್ರೀತಿಯಿಂದಲೇ ಇರಬೇಕು ಬಿಡಿ :)

60ರ ದಶಕದ ನಡುವಿಗೆ ಬಂದದ್ದು ಚೌಕಟ್ಟಾದ ಮೈಯ 1100 ಡಿ, ಅಂದರೆ ‘ಡಿಲೈಟ್’. ಲಾಲ್ ಬಹಾದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದಾಗ ಕೊಂಡದ್ದೂ ಫಿಯಟ್ಟೇ. ಬೆಲೆ 12,000. ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಬ್ಯಾಂಕಿನಿಂದ ಸಾಲ ಮಾಡಿದರು. ಅವರು ತೀರಿಕೊಂಡ ಮೇಲೆ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ಆ ಸಾಲ ತೀರಿಸಿದರು. ಪ್ರಧಾನಿಯ ಪಾಡೇ ಹೀಗಾದರೆ ಉಳಿದವರದ್ದು ಕೇಳಬೇಕೆ! ದುಡ್ಡಿದ್ದರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದ ಆಯ್ಕೆಗಳೇ ಮೂರು: ಅಂಬಾಸಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್.

ಇನ್ನು ನನಗೆ ಈ ಕಥೆಯಲ್ಲಿ ತುಂಬಾ ಸ್ವಾರಸ್ಯ ಅನ್ನಿಸಿದ ಭಾಗ. ಇಟಲಿಯಲ್ಲಿ 1969ರ ಹೊತ್ತಿಗೆ 1100ರ ಕಥೆ ಮುಗಿದು ಫಿಯಟ್ 128 ಬಂತು. ಇಲ್ಲಿ? 1972ರಲ್ಲಿ ಫಿಯಟ್ ಒಪ್ಪಂದ ಮುಗಿಯಿತು, ಕಾರು ಮುಗಿಯಲಿಲ್ಲ. ಅದೇ ಕಾರಿಗೆ ಪ್ರೀಮಿಯರ್ ಪ್ರೆಸಿಡೆಂಟ್ ಅಂತ ಹೆಸರಿಟ್ಟರು. 1974ರಲ್ಲಿ ಚಿತ್ತೋಡದ ರಾಣಿಯ ನೆನಪಿಗೆ ಪದ್ಮಿನಿ ಆಯ್ತು. ಗ್ರಿಲ್ಲು, ಲೈಟು ಸ್ವಲ್ಪ ಬದಲಾದವು, ಅಷ್ಟೇ. ಒಳಗಡೆ ಅದೇ 1089 ಸಿಸಿ ಎಂಜಿನ್ನು, ಅದೇ ನಾಲ್ಕು ಗೇರು, ಅದೇ ಸ್ಟೇರಿಂಗಿನ ಪಕ್ಕದ ಹ್ಯಾಂಡ್ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 1983ರ ಡಿಸೆಂಬರಿನಲ್ಲಿ ಮಾರುತಿ ಬಂದು ಅಂಗಡಿ ಮುಚ್ಚಿಸಿತು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಪದ್ಮಿನಿ ಅದರ ನಂತರವೂ ಹದಿನೈದು ವರ್ಷಕ್ಕಿಂತ ಹೆಚ್ಚು ತಯಾರಾಯಿತು.

ಕೊಳ್ಳುವವನ ದೃಷ್ಟಿಯಲ್ಲಿ ಇದು ಅನ್ಯಾಯವೇ. ಜಗತ್ತು ಎಲ್ಲೋ ಹೋಯಿತು, ನಮಗೆ ಮೂವತ್ತೈದು ವರ್ಷ ಒಂದೇ ಕಾರು. ಆದರೆ ಇಟ್ಟುಕೊಂಡವನ ದೃಷ್ಟಿಯಲ್ಲಿ? 1969ರ ಗಾಡಿಗೆ 1995ರಲ್ಲಿ ತಯಾರಾದ ಪಿಸ್ಟನ್ ಕೂರುತ್ತೆ! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಬ್ಯಾಕ್‌ವರ್ಡ್ ಕಂಪ್ಯಾಟಿಬಲ್. ನನ್ನ ಮೂರು ವರ್ಷದ ಹಿಂದಿನ ಕೋಡು ಇವತ್ತು ಕಂಪೈಲ್ ಆಗಲ್ಲ. ಬೆಂಗಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದದ್ದು ಹಳೆಯದೋ ಹೊಸದೋ ಅನ್ನೋ ಪ್ರಶ್ನೆಯೇ ಇಲ್ಲ, ಕೂತರೆ ಸಾಕು.

ಈಗ ನಮ್ಮ ಪಟ್ಟಿಗೆ ಬರೋಣ. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾ ಹೋದೆ.

ಎಂಜಿನ್: 1992ರಲ್ಲಿ ಬದಲಾಗಿದೆ. ಹಳೆಯದರ ಬ್ಲಾಕು ಸೀಳಿತ್ತು, ಆಗ ಪದ್ಮಿನಿಯ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ನಂಬರು ಹಾಕಿಸಿದ್ದಾರೆ. ಅದಕ್ಕೂ ಆಮೇಲೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾರೆ, ಈಗ ಒಂದು ಮಿಲಿಮೀಟರ್ ದಪ್ಪ. ಮೂಲ ಬೋರು 68 ಮಿ.ಮೀ., ಸ್ಟ್ರೋಕು 75. ನಾನು ಅಲ್ಲೇ ಲೆಕ್ಕ ಹಾಕಿದೆ. 69ಕ್ಕೆ ಸುಮಾರು 1121 ಸಿಸಿ ಬರುತ್ತೆ. ಅಂದರೆ ದೊಡ್ಡಪ್ಪನ 1100 ಈಗ ನಿಜವಾಗಿಯೂ 1100ಕ್ಕಿಂತ ಹೆಚ್ಚು! ಮೇಸ್ತ್ರಿ ನಕ್ಕುಬಿಟ್ಟರು. “ಸವೆದಿದ್ದು ಸಾರ್, ಬೆಳೆದಿದ್ದಲ್ಲ” ಅಂದರು.

ಡೈನಮೋ ತೆಗೆದು ಆಲ್ಟರ್ನೇಟರ್. ಕಾರಣ, ರಾತ್ರಿ ನಿಧಾನಕ್ಕೆ ಹೋಗುವಾಗ ಹೆಡ್‌ಲೈಟು ದೀಪಾವಳಿ ಹಣತೆಯ ಹಾಗೆ ಆಗುತ್ತಿತ್ತಂತೆ. ಪೆಟ್ರೋಲ್ ಪಂಪಿನ ಪಕ್ಕ ತಗಡಿನ ಅಡ್ಡಪಟ್ಟಿ. ಆಗುಂಬೆ ಘಾಟಿ ಹತ್ತುವಾಗ ಬಿಸಿಗೆ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುತ್ತಿತ್ತು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕಿತ್ತು. ಆ ಒದ್ದೆ ಬಟ್ಟೆಯ ಕೆಲಸ ನನಗೂ ನೆನಪಿದೆ. ಫ್ಲೋರು ತುಕ್ಕು ಹಿಡಿದು ಎರಡು ಸಲ ಹೊಸ ತಗಡು ಬೆಸೆದದ್ದು. ಮಲೆನಾಡಿನ ಮಳೆಗೆ ಇನ್ನೇನಾಗುತ್ತೆ? ಇಲ್ಲಿ ಬಾಡಿಯೇ ಚಾಸಿ ಅಂತ ಆಗಲೇ ಹೇಳಿದೆನಲ್ಲ, ಅಂದಮೇಲೆ ಇದು ಚಾಸಿ ಬದಲಾವಣೆಯೋ ರಿಪೇರಿಯೋ?

ಆಮೇಲೆ ಗೇರು. ಇದು ಮಾತ್ರ ರಿಪೇರಿ ಅಲ್ಲ, ಶೋಕಿ. 80ರ ದಶಕದಲ್ಲಿ ಫಿಯಟ್ ಇದ್ದ ಹುಡುಗರಿಗೆಲ್ಲ ಹ್ಯಾಂಡ್ ಗೇರ್ ಕಿತ್ತು ಫ್ಲೋರ್ ಗೇರ್ ಮಾಡಿಸೋ ಖಯಾಲಿ. ಮದರಾಸಿನ ಹತ್ತಿರ ಶೋಳಾವರಂ ಅನ್ನೋ ಕಡೆ ಯುದ್ಧಕಾಲದ ಹಳೆಯ ವಿಮಾನದ ಓಟಪಟ್ಟಿ ಇತ್ತು, ಅಲ್ಲಿ ರೇಸು ನಡೆಯುತ್ತಿತ್ತು. ಅಲ್ಲಿ ಓಡುತ್ತಿದ್ದದ್ದೂ ಇವೇ ಮನೆ ಮುಂದಿನ ಫಿಯಟ್ಟು, ಹೆರಾಲ್ಡುಗಳು. ಹೆಡ್ಡು ಉಜ್ಜಿಸಿ ಕಂಪ್ರೆಶನ್ ಏರಿಸೋದು, ಎರಡು ಕಾರ್ಬುರೇಟರ್ ಕೂರಿಸೋದು, ಫ್ಲೈವೀಲನ್ನು ಲೇತಿಗೆ ಕೊಟ್ಟು ಹಗುರ ಮಾಡಿಸೋದು. ಹೊರದೇಶದ ರೇಸ್ ಸಾಮಾನು ತರಿಸಲು ಲೈಸೆನ್ಸ್ ಇಲ್ಲ, ದುಡ್ಡೂ ಇಲ್ಲ. ಹಾಗಾಗಿ ಕೊಯಮತ್ತೂರು, ಬೆಂಗಳೂರಿನ ಲೇತುಗಳೇ ರೇಸ್ ಕಾರ್ಖಾನೆಗಳು. ಕೊಯಮತ್ತೂರಿನ ಕರಿವರ್ಧನ್ ಅವರಂಥವರು ಹೀಗೇ ಹಳೆ ಕಾರುಗಳ ಜೊತೆ ಗುದ್ದಾಡಿ, 80ರ ದಶಕದ ಕೊನೆಗೆ ಮಾರುತಿ ಎಂಜಿನ್ ಇಟ್ಟು ಒಬ್ಬರೇ ಕೂರುವ ರೇಸ್ ಕಾರುಗಳನ್ನೇ ಕಟ್ಟಿಬಿಟ್ಟರು.

ದೊಡ್ಡಪ್ಪ ರೇಸಿಗೇನೂ ಹೋಗಲಿಲ್ಲ. ಆದರೆ 1986ರಲ್ಲಿ ಬೆಂಗಳೂರಿಗೆ ಒಯ್ದು ಫ್ಲೋರ್ ಗೇರೂ, ಮುಂದೆ ಎರಡು ಬಕೆಟ್ ಸೀಟೂ ಹಾಕಿಸಿಕೊಂಡು ಬಂದರು. ಊರಲ್ಲಿ ದೊಡ್ಡಮ್ಮ ಬಾಗಿಲಲ್ಲೇ ನಿಂತು ಕೇಳಿದರಂತೆ, “ಮಕ್ಕಳನ್ನ ಎಲ್ಲಿ ಕೂರಿಸ್ತೀರಿ?” ನಿಜವೇ. ಬೆಂಚ್ ಸೀಟಲ್ಲಿ ಮುಂದೆ ಮೂವರು ಆರಾಮಾಗಿ ಕೂರುತ್ತಿದ್ದರು, ಈಗ ಇಬ್ಬರೇ. ಆರು ತಿಂಗಳಲ್ಲಿ ಬೆಂಚ್ ಸೀಟು ವಾಪಸ್ ಬಂತು, ಫ್ಲೋರ್ ಗೇರು ಮಾತ್ರ ಅಲ್ಲೇ ಉಳಿಯಿತು. ಹಾಗಾಗಿ ಮಧ್ಯೆ ಕೂತವರ ಎರಡು ಮೊಣಕಾಲ ನಡುವೆ ಗೇರ್ ಕಡ್ಡಿ! ಮುಂದೆ ಆ ಜಾಗಕ್ಕೆ ಖಾಯಂ ಗಿರಾಕಿ ನಾನೇ ಆದೆ. ಎರಡನೇ ಗೇರಿಗೆ ಎಳೆದಾಗಲೆಲ್ಲ ಕಾಲು ಮಡಚಿಕೊಳ್ಳೋದು ಈಗಲೂ ಅಭ್ಯಾಸಬಲ.

ಪಟ್ಟಿ ಮುಗಿದಾಗ ಸಂಜೆ ಆಗಿತ್ತು. ಕಾರಲ್ಲಿ ಕುರ್ಲಾದಿಂದ 1969ರಲ್ಲಿ ಬಂದದ್ದು ಅಂತ ಖಚಿತವಾಗಿ ಹೇಳಬಹುದಾದದ್ದು ಬಾಡಿಯ ಮೇಲ್ಭಾಗ, ನಾಲ್ಕು ಬಾಗಿಲು, ಸ್ಟೇರಿಂಗ್ ಚಕ್ರ, ಡ್ಯಾಶ್‌ಬೋರ್ಡು. ಒರಿಜಿನಲ್ ಮಾಡಿಸಬೇಕು ಅಂದರೆ ಇದೆಲ್ಲವನ್ನೂ ಕಿತ್ತು, ಬೇರೆ ಯಾವುದೋ ಸತ್ತ ಫಿಯಟ್ಟಿನ ಅಂಗಾಂಗ ತಂದು ಹಾಕಬೇಕು. ಅದು ಯಾರ ಒರಿಜಿನಲ್ಲು? ಆಲ್ಟರ್ನೇಟರ್ ತೆಗೆದು ಡೈನಮೋ ಹಾಕಿದರೆ ಕಾರು 1969ಕ್ಕೆ ಹೋಗಬಹುದು, ಆದರೆ ದೊಡ್ಡಪ್ಪ ಓಡಿಸಿದ ನಲವತ್ತು ಚಿಲ್ಲರೆ ವರ್ಷ ಎಲ್ಲಿಗೆ ಹೋಗಬೇಕು?

ಕಾನೂನನ್ನು ಬೈಯೋದು ಸುಲಭ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನದ ರಚನೆ ಬದಲಾಯಿಸುವಂತಿಲ್ಲ ಅಂತ ಹೇಳಿತು. ಈಗ ರಸ್ತೆ ಮೇಲೆ ಜನ ಮಾಡೋ ಅವಾಂತರ, ಕಿವಿ ಹರಿಯೋ ಸೈಲೆನ್ಸರು, ಹೊರಚಾಚಿದ ಚಕ್ರ ನೋಡಿದರೆ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮ ಹಳೆ ಗಾಡಿಗಳ ಮಟ್ಟಿಗೆ ಬದಲಾವಣೆಯೇ ಮೇಂಟೆನೆನ್ಸ್ ಆಗಿತ್ತು. ಅಂಬಾಸಡರಿಗೆ, ಜೀಪಿಗೆ ಮೆಟಾಡೋರಿನ ಡೀಸೆಲ್ ಎಂಜಿನ್ ಹಾಕಿಸಿದವರು ಶೋಕಿಗೆ ಹಾಕಿಸಲಿಲ್ಲ, ಪೆಟ್ರೋಲ್ ಖರ್ಚು ತಡೆಯಲಾರದೆ ಹಾಕಿಸಿದರು. ಬದಲಾಯಿಸದೆ ಇಟ್ಟವರ ಕಾರು ಗುಜರಿಗೆ ಹೋಯಿತು, ಬದಲಾಯಿಸಿದವರದ್ದು ಉಳಿಯಿತು. ಈಗ ಉಳಿದದ್ದನ್ನು ನೋಡಿ ‘ಇದು ಮೂಲ ರೂಪದಲ್ಲಿಲ್ಲ’ ಅನ್ನುತ್ತೇವೆ.

ಅದು ಮುಗಿದೂ ಇಲ್ಲ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬಂದಿದೆಯಲ್ಲ, ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು, ಗ್ಯಾಸ್ಕೆಟ್ಟು ಅದಕ್ಕೆ ತಾಳುವಂಥವಲ್ಲ. ಮೇಸ್ತ್ರಿ ಆಗಲೇ ಎಲ್ಲ ಪೈಪು ಬದಲಾಯಿಸಿಬಿಟ್ಟಿದ್ದಾರೆ. ಪಟ್ಟಿಗೆ ಇನ್ನೊಂದು ಸಾಲು.

ಹಾಂ, ಇನ್ನೊಂದು ವಿಷಯ ನಾನು ನಿಯಮದಲ್ಲಿ ಕೊನೆಗೆ ಓದಿದ್ದು (ಮೊದಲು ಓದಬೇಕಿತ್ತು). ವಿಂಟೇಜ್ ನಂಬರು ಬಂದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ. ದೊಡ್ಡಪ್ಪನಿಗೆ ಹೇಳಿದೆ.

“ಹಾಗಾದ್ರೆ ಗಾಂಧಿಬಜಾರಿಗೆ?”

“ಹೋಗೋ ಹಾಗಿಲ್ಲ ದೊಡ್ಡಪ್ಪ.”

ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ತರಕಾರಿ ಚೀಲ ತಂದು, “ಬಾ, ಹೋಗಿಬರೋಣ, ಬೆಳ್ಳುಳ್ಳಿ ಖಾಲಿಯಾಗಿದೆ” ಅಂತ ಬೀಗದ ಕೈ ನನ್ನ ಕಡೆ ಎಸೆದರು. ಮೊದಲ ಸಲ ಅವರಾಗೇ ಓಡಿಸೋಕೆ ಕೊಟ್ಟದ್ದು. ದುರ್ಗಿಗುಡಿ ತಿರುವಿನಲ್ಲಿ ಎರಡನೇ ಗೇರು ಹಾಕುವಾಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ‘ಕಾಲು ಮಡಚು’ ಅಂದೆನಂತೆ. ದೊಡ್ಡಪ್ಪ ಮನೆಗೆ ಬಂದು ಎಲ್ಲರಿಗೂ ಹೇಳಿ ನಗಿಸಿದರು.

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಹೋಯಿತು. ಅಲ್ಲಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ. ಖಾಸಗಿ ಗಾಡಿಗೆ ನಮ್ಮಲ್ಲಿ ಸದ್ಯ ಹಾಗಿಲ್ಲ, ತಪಾಸಣೆಯಲ್ಲಿ ಪಾಸಾದರೆ ಆಯಿತು. ನವೀಕರಣದ ಶುಲ್ಕ ಮಾತ್ರ 2022ರಲ್ಲಿ 600ರಿಂದ 5,000ಕ್ಕೆ ಹಾರಿತು, ಆಮೇಲೂ ಏರಿದೆ. ನಾವು ಮಾಮೂಲಿ ನವೀಕರಣಕ್ಕೇ ಅರ್ಜಿ ಹಾಕಿದ್ದೇವೆ, ಮುಂದಿನ ತಿಂಗಳು ತಪಾಸಣೆ. ಹಾರ್ನು, ವೈಪರು, ಹ್ಯಾಂಡ್‌ಬ್ರೇಕು ಸರಿಮಾಡಿಸಬೇಕು. ಹೊಗೆ ಪರೀಕ್ಷೆಯ ಬಗ್ಗೆ ಮಾತ್ರ ಸ್ವಲ್ಪ ಭಯ ಇದೆ, ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸುವ ಕೆಲಸಕ್ಕೆ ನಾನೇ ಹೋಗುತ್ತಿದ್ದೇನೆ. ಮೇಸ್ತ್ರಿ ಕಲಿಸುತ್ತೇನೆ ಅಂದಿದ್ದಾರೆ, ಆ ಎರಡು ದಿನ ರಜೆ ಕೇಳಿದ್ದೇನೆ.

ಅಂದ ಹಾಗೆ ಒಂದು ಹಬ್ ಕ್ಯಾಪ್ ಬೇಕಾಗಿದೆ. ನಿಮ್ಮ ಯಾರದ್ದಾದರೂ ಮನೆಯ ಅಟ್ಟದ ಮೇಲೆ ಹಳೇ ಫಿಯಟ್ಟಿನದ್ದು ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಪದ್ಮಿನಿಯದ್ದಾದರೂ ನಡೆಯುತ್ತೆ :)